ಹಳದಿ ಫೋಲ್ಡರಿಗೆ ಹೊಸ ಮುಖ

ಮಕ್ಕಳೇ, ಕಂಪ್ಯೂಟರ್ ಪರದೆಯ ಮೇಲೆ ಫೈಲು, ಫೋಲ್ಡರುಗಳ ಗುರುತಿಗೆ ಇರುವ ಪುಟ್ಟ ಚಿತ್ರವೇ ಐಕಾನ್. 1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್‌ಗೆ ಇಂಥ ಚಿತ್ರಗಳನ್ನು ಬರೆದವರು ಸೂಸನ್ ಕೇರ್ ಎಂಬ ಕಲಾವಿದೆ. ಅಡ್ಡ 32, ಉದ್ದ 32, ಒಟ್ಟು 1,024 ಚೌಕಗಳು. ಒಂದೊಂದೂ ಕಪ್ಪು ಇಲ್ಲವೇ ಬಿಳಿ. ಅಷ್ಟರಲ್ಲೇ ಚಿತ್ರ ಮೂಡಬೇಕಿತ್ತು!

ವಿಂಡೋಸ್‌ನಲ್ಲಿ ಫೋಲ್ಡರುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಳದಿ. ಕೆಳಗಿನ ಸಣ್ಣ ಅಕ್ಷರ ಅಜ್ಜ ಅಜ್ಜಿಯ ಕಣ್ಣಿಗೆ ಹತ್ತುವುದಿಲ್ಲ. ಅವರ ಫೋಟೊ ಫೋಲ್ಡರಿಗೆ ಬೇರೆ ಚಿತ್ರ ಹಾಕಿಕೊಡೋಣವೇ? ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ಆರಿಸಿ. ಅಲ್ಲಿ 'ಕಸ್ಟಮೈಸ್'ಗೆ ಹೋಗಿ 'ಚೇಂಜ್ ಐಕಾನ್' ಒತ್ತಿ. ಚಿತ್ರಗಳ ಸಾಲು ತೆರೆಯುತ್ತದೆ. ಯಾವುದು ಬೇಕೆಂದು ಅಜ್ಜಿಯನ್ನೇ ಕೇಳಿ. ಗುರುತು ಇಟ್ಟುಕೊಳ್ಳಬೇಕಾದವರು ಅವರು ತಾನೇ? ಆರಿಸಿದ ಮೇಲೆ 'ಓಕೆ' ಕೊಡಿ. ಬೇಡವೆನಿಸಿದರೆ ಅದೇ ಜಾಗದಲ್ಲಿ 'ರಿಸ್ಟೋರ್ ಡಿಫಾಲ್ಟ್ಸ್' ಒತ್ತಿದರೆ ಹಳೆಯ ಹಳದಿ ಮರಳುತ್ತದೆ.

ಒಂದು ಮಾತು ನೆನಪಿರಲಿ. ಚಿತ್ರ ಬದಲಾದರೂ ಒಳಗಿನದು ಬದಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ! ಫೋಲ್ಡರಿನ ಚಿತ್ರ ಹೊತ್ತ ವೈರಸ್ಸುಗಳೂ ಪೆನ್‌ಡ್ರೈವ್‌ನಲ್ಲಿ ಬರುವುದುಂಟು. ಗುರುತಿಲ್ಲದ ಫೋಲ್ಡರ್ ಕಂಡರೆ ತೆರೆಯುವ ಮೊದಲು 'ಪ್ರಾಪರ್ಟೀಸ್' ನೋಡಿ. 'ಫೈಲ್ ಫೋಲ್ಡರ್' ಎಂದಿದ್ದರೆ ಅದು ನಿಜವಾದ ಫೋಲ್ಡರ್. 'ಅಪ್ಲಿಕೇಷನ್' ಎಂದಿದ್ದರೆ ಮುಟ್ಟದೆ, ಬಲ್ಲ ಹಿರಿಯರಿಗೆ ತೋರಿಸಿ.

ಈ ವಾರದ ಕೆಲಸ: ಗಣಿತದ ಚೌಕುಳಿ ಪುಸ್ತಕದಲ್ಲಿ 32 ಚೌಕದ ಅಂಗಳ ಗೆರೆ ಹಾಕಿ. ಅಜ್ಜನ ಕನ್ನಡಕವನ್ನು ಕಪ್ಪು ಬಿಳುಪಿನಲ್ಲಿ ತುಂಬಿ. ಅಜ್ಜ ಗುರುತು ಹಿಡಿದರೆ ನೀವು ಗೆದ್ದಿರಿ!