ಒಬ್ಬೊಬ್ಬರಿಗೆ ಒಂದೊಂದು ಬಾಂದುಕಲ್ಲು

ಕಳೆದ ಯುಗಾದಿಗೆ ಶಿಕಾರಿಪುರಕ್ಕೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಇನ್ನೇನು ಒಂದು ನಿದ್ದೆ ತೆಗೀಬೇಕು, ಚಿಕ್ಕಮ್ಮನ ಮಗಳು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಳು. "ಅಣ್ಣ, ಒಂಚೂರು ನೋಡ್ತೀಯಾ? ನಂದೇ ತಪ್ಪಾ ಅಂತ ಗೊತ್ತಾಗ್ತಿಲ್ಲ."

ಬೆಂಗಳೂರಿನ ಒಂದು ಕಂಪನಿ ಅವಳಿಗೆ ಪರೀಕ್ಷೆಗೆ ಅಂತ ಸಣ್ಣ ಪ್ರಾಜೆಕ್ಟ್ ಕೊಟ್ಟಿತ್ತು. ಒಂದು ಗಿಟ್ ರೆಪೊ, ಒಳಗೆ ಫ್ರಂಟ್‌ಎಂಡ್, ಬ್ಯಾಕ್‌ಎಂಡ್ ಅಂತ ಎರಡು ಫೋಲ್ಡರ್. ಬ್ಯಾಕ್‌ಎಂಡಿನಲ್ಲಿ ಎರಡು ಬಗ್ ಸರಿಮಾಡಿ ಕಳಿಸಬೇಕು. ಸರಿಮಾಡಿದಳು, ಕಳಿಸಿದಳು. ಉತ್ತರ ಬಂತು: ಹತ್ತು ಸಾಲು ಮುಟ್ಟಬೇಕಾದ ಕಡೆ ಇಡೀ ಫೈಲುಗಳನ್ನೇ ಯಾಕೆ ಬದಲಾಯಿಸಿದ್ದೀರಿ? ಅದಾದ ಮೇಲೆ ಸುದ್ದಿಯೇ ಇಲ್ಲ.

ಅವಳು ಬದಲಾಯಿಸಿರಲಿಲ್ಲ. ಅವಳ ಎಡಿಟರಿನಲ್ಲಿದ್ದ ಫಾರ್ಮ್ಯಾಟರ್ ಎಕ್ಸ್‌ಟೆನ್ಷನ್ ಬದಲಾಯಿಸಿತ್ತು. ಪ್ರಾಜೆಕ್ಟ್ ಅಂದ್ರೆ ಗಿಟ್ ಇರುವ ಮೇಲಿನ ಫೋಲ್ಡರ್ ಅಂತ ಅದು ತೀರ್ಮಾನ ಮಾಡಿ, ಸೆಟ್ಟಿಂಗ್ಸ್ ಫೈಲನ್ನು ಅಲ್ಲಿ ಹುಡುಕಿ, ಸಿಗದೆ, ತನ್ನದೇ ಅಳತೆಯಲ್ಲಿ ಪ್ರತಿ ಸಾಲಿನ ಮುಂದಿನ ಜಾಗವನ್ನೂ ತಿದ್ದಿತ್ತು. ಸೆಟ್ಟಿಂಗ್ಸ್ ಇದ್ದದ್ದು ಬ್ಯಾಕ್‌ಎಂಡ್ ಫೋಲ್ಡರಿನಲ್ಲಿ. ಪಕ್ಕದಲ್ಲೇ ಕೂತಿದ್ದ ಲ್ಯಾಂಗ್ವೇಜ್ ಸರ್ವರ್ ಅದನ್ನೇ ಪ್ರಾಜೆಕ್ಟ್ ಅಂತ ಸರಿಯಾಗಿ ಹಿಡಿದಿತ್ತು, ಹಾಗಾಗಿ ಎಲ್ಲೂ ಕೆಂಪು ಗೆರೆ ಇಲ್ಲ. ಟೆಸ್ಟ್ ಓಡಿಸುವ ಎಕ್ಸ್‌ಟೆನ್ಷನ್ನಿಗೆ ಮಾತ್ರ ಆ ಹೊತ್ತಿಗೆ ತೆರೆದಿದ್ದ ಫೈಲಿನ ಫೋಲ್ಡರೇ ಪ್ರಾಜೆಕ್ಟು! ಒಂದೇ ಕಿಟಕಿ, ಒಂದೇ ಫೈಲು, ಮೂರು ಎಕ್ಸ್‌ಟೆನ್ಷನ್, ಮೂರು ಬೇರೆ ಬೇರೆ ಎಲ್ಲೆ.

ಕಮಿಟ್ ಮಾಡೋ ಮುಂಚೆ ಡಿಫ್ ನೋಡ್ಬೇಕಿತ್ತು ಅಂತೀರಿ. ನೋಡ್ಬೇಕಿತ್ತು, ಒಪ್ಪಿದೆ. ಆದರೆ ಕೆಲಸ ಹುಡುಕುತ್ತಿರುವ ಹುಡುಗಿ ಒಂದು ಸಾಲು ನೋಡಲು ಮರೆತದ್ದನ್ನು ತಪ್ಪು ಅನ್ನುವ ನಾವು, ವರ್ಷಗಟ್ಟಲೆ ಅನುಭವ ಇರುವವರು ಎಡಿಟರಿನೊಳಗೆ ಈ ಗೊಂದಲ ಬಿಟ್ಟಿರುವುದನ್ನು 'ಫ್ಲೆಕ್ಸಿಬಿಲಿಟಿ' ಅಂತ ಕರೀತೀವಲ್ಲ, ಅದು ಯಾವ ನ್ಯಾಯ?

ಮಾರನೇ ದಿನ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ, ದೊಡ್ಡಪ್ಪನ ಮನೆಗೆ. ಸಂಜೆ ಗದ್ದೆ ಕಡೆ ತಿರುಗಾಡುವಾಗ ಬದುವಿನ ಮೂಲೆಯ ಬಾಂದುಕಲ್ಲು ತೋರಿಸಿ ಅವರು ಹೇಳಿದ್ದು: "ಬೇಲಿ ನಿಂಗೆ ಬೇಕಾದಂಗೆ ಹಾಕ್ಕೋ ಮಾರಾಯ. ಕಲ್ಲು ಮಾತ್ರ ಎಲ್ಲರಿಗೂ ಒಂದೇ."

ಸೊಸೈಟಿಯಲ್ಲಿ ಬೆಳೆಸಾಲ ಕೇಳಿದರೂ ಪಹಣಿ, ಬೆಳೆವಿಮೆಗೆ ಹೋದರೂ ಅದೇ ಪಹಣಿ, ಅದೇ ಸರ್ವೆ ನಂಬರ್. ಅಣ್ಣತಮ್ಮಂದಿರು ಪಾಲಾಗಿ ಪೋಡಿ ಆದರೆ ಅದೇ ನಂಬರಿನಡಿ ಹಿಸ್ಸಾ ಬರುತ್ತೆ. ಸಾಲ ಕೊಡುವವನು ತನ್ನದೇ ಸರಪಳಿ ತಂದು ಅಳೆಯುವುದಿಲ್ಲ. ರಾತ್ರೋರಾತ್ರಿ ಕಲ್ಲು ಸರಿಸುವವರು ಇಲ್ಲವಾ? ಇದ್ದಾರೆ. ಆದರೆ ಆಗ ಜಗಳ ಆಗುತ್ತೆ, ಊರಿಗೆಲ್ಲ ಗೊತ್ತಾಗುತ್ತೆ, ಸರ್ವೆಯವರು ಬರ್ತಾರೆ. ನಮ್ಮ ಎಡಿಟರುಗಳಲ್ಲಿ ಜಗಳವೂ ಆಗುವುದಿಲ್ಲ. ಮೂವರು ಮೂರು ಕಲ್ಲು ನೆಟ್ಟು ಸುಮ್ಮನೆ ಉಳುತ್ತಾ ಹೋಗ್ತಾರೆ. ಬೆಳೆ ಹಾಳಾದ ಮೇಲೆ ರೈತನ ಕಡೆ ಬೆರಳು ತೋರಿಸ್ತಾರೆ.

ಇದೇನು ಯಾರಿಗೂ ಹೊಳೆಯದ ಸಮಸ್ಯೆಯಲ್ಲ. 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಬಂದಾಗ ಎಲ್ಲರೂ ಹಬ್ಬ ಮಾಡಿದೆವು, ಮಾಡಬೇಕಾದದ್ದೇ. ಪ್ರತಿ ಎಡಿಟರಿಗೂ ಪ್ರತಿ ಭಾಷೆಗೂ ಬೇರೆ ಬೇರೆ ಸೇತುವೆ ಕಟ್ಟುವ ಕಷ್ಟ ತಪ್ಪಿತು. ಆದರೆ ಆ ಪ್ರೊಟೊಕಾಲಿನಲ್ಲೇ ಪ್ರಾಜೆಕ್ಟಿನ ಜಾಗ ತಿಳಿಸಲು ಮೊದಲು 'ರೂಟ್ ಪಾಥ್', ಆಮೇಲೆ ಅದು ಹಳತಾಗಿ 'ರೂಟ್ ಯುಆರ್‌ಐ', ಅದೂ ಹಳತಾಗಿ 'ವರ್ಕ್‌ಸ್ಪೇಸ್ ಫೋಲ್ಡರ್ಸ್'. ಎಲ್ಲೆಯನ್ನು ಹೇಗೆ ಕಳಿಸಬೇಕು ಅಂತ ಅದು ಹೇಳುತ್ತೆ. ಹೇಗೆ ಕಂಡುಹಿಡಿಯಬೇಕು ಅಂತ ಹೇಳುವುದಿಲ್ಲ. ಆ ಕೆಲಸ ಪ್ರತಿ ಎಕ್ಸ್‌ಟೆನ್ಷನ್ ಬರೆಯುವವನ ತಲೆಗೆ ಬಿತ್ತು, ಪ್ರತಿಯೊಬ್ಬನೂ ಒಂದು ಭಾನುವಾರ ಮಧ್ಯಾಹ್ನ ಕೂತು ತನ್ನದೇ ಊಹೆ ಬರೆದ.

ಊಹೆ ಹೇಗೆ ತಪ್ಪುತ್ತೆ ನೋಡಿ. 'ಗಿಟ್ ಅನ್ನುವ ಫೋಲ್ಡರ್ ಇದ್ದರೆ ಅದೇ ರೂಟ್' ಅಂತ ಒಬ್ಬ ಬರೀತಾನೆ. ಗಿಟ್ ವರ್ಕ್‌ಟ್ರೀಯಲ್ಲಿ, ಸಬ್‌ಮಾಡ್ಯೂಲಿನಲ್ಲಿ ಅದು ಫೋಲ್ಡರ್ ಅಲ್ಲ, ಬರೀ ಒಂದು ಫೈಲು. ಅಲ್ಲಿ ಅವನ ಎಕ್ಸ್‌ಟೆನ್ಷನ್ ಕಲ್ಲು ದಾಟಿ ಮೇಲೆ ಹೋಗುತ್ತೆ. ಇನ್ನೊಬ್ಬ 'ಏನೂ ಸಿಗದಿದ್ದರೆ ಹೋಮ್ ಫೋಲ್ಡರ್' ಅಂತ ಬರೀತಾನೆ. ಆಮೇಲೆ ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಮದುವೆ ಫೋಟೊ, ಡೌನ್‌ಲೋಡ್ ಎಲ್ಲವನ್ನೂ ಇಂಡೆಕ್ಸ್ ಮಾಡ್ತಾ ಬಿಸಿಯಾಗಿ ಕೂರುತ್ತೆ. ಆಫೀಸಿನ ದುಬಾರಿ ಮಷೀನಿನಲ್ಲಿ ನಮಗೆ ಇದು ಗೊತ್ತೂ ಆಗಲ್ಲ.

ಸರಿಯಾದ ದಾರಿ ತೋರಿಸಿದವರೂ ಇದ್ದಾರೆ. 2016ರ ಈಮ್ಯಾಕ್ಸ್ 25ರ ಜೊತೆಗೇ 'ಪ್ರಾಜೆಕ್ಟ್ ಡಾಟ್ ಇಎಲ್' ಬಂತು. ಅದರ ಉಪಾಯ ಸರಳ: ಹುಡುಕುವವರ ಒಂದು ಪಟ್ಟಿ, ಅದಕ್ಕೆ ಯಾರು ಬೇಕಾದರೂ ಸೇರಬಹುದು, ಮೊದಲು ಉತ್ತರ ಕೊಟ್ಟವರ ಮಾತು ನಡೆಯುತ್ತೆ. ಉಳಿದ ಪ್ಯಾಕೇಜುಗಳು ಹುಡುಕುವುದಿಲ್ಲ, ಕೇಳುತ್ತವೆ. 2023ರ ಈಮ್ಯಾಕ್ಸ್ 29ರೊಳಗೆ ಸೇರಿಕೊಂಡ 'ಎಗ್ಲಾಟ್' ಹಾಗೆಯೇ ಕೇಳುತ್ತೆ. 2024ರ ನಿಯೋವಿಮ್ 0.10ರಲ್ಲೂ ರೂಟ್ ಹುಡುಕುವ ಒಂದು ಸಾಮಾನ್ಯ ಫಂಕ್ಷನ್ ಬಂತು, ಆದರೆ ಯಾವ ಗುರುತು ಹುಡುಕಬೇಕು ಅನ್ನುವ ಪಟ್ಟಿಯನ್ನು ಕೇಳುವವನೇ ಕೊಡಬೇಕು. ಸರಪಳಿ ಒಂದೇ ಆಯ್ತು, ಕಲ್ಲು ಮಾತ್ರ ಹಾಗೇ ಉಳೀತು.

ನಾನು ಕೇಳುವುದು ಇಷ್ಟೇ. 'ಈ ಫೈಲು ಯಾವ ಪ್ರಾಜೆಕ್ಟಿನದು?' ಅನ್ನುವ ಪ್ರಶ್ನೆಗೆ ಎಡಿಟರ್ ಒಂದೇ ಉತ್ತರ ಇಟ್ಟುಕೊಳ್ಳಲಿ, ಎಲ್ಲ ಎಕ್ಸ್‌ಟೆನ್ಷನ್ನಿಗೂ ಅದನ್ನೇ ಕೊಡಲಿ. ಉತ್ತರ ಒಂದು ಫೋಲ್ಡರ್ ಆಗಬೇಕಿಲ್ಲ. ಒಳಗಿನಿಂದ ಹೊರಗೆ ಒಂದು ಸಾಲು ಇರಲಿ: ಹಿಸ್ಸಾ, ಅದರಾಚೆ ಸರ್ವೆ ನಂಬರ್. ಪ್ರತಿಯೊಂದರ ಪಕ್ಕ ಯಾವ ಗುರುತು ನೋಡಿ ಹಾಗೆ ಹೇಳಿದ್ದು ಅಂತ ಬರೆದಿರಲಿ. ಬಳಸುವವರು 'ಅಲ್ಲ, ಇದು ನನ್ನ ಎಲ್ಲೆ' ಅಂದರೆ ಅದೇ ಕೊನೆ ಮಾತು. 'ಯಾವ ಪ್ರಾಜೆಕ್ಟೂ ಅಲ್ಲ' ಅನ್ನುವುದೂ ಒಂದು ಉತ್ತರ, ಅದಕ್ಕೆ ಬದಲು ಹೋಮ್ ಫೋಲ್ಡರ್ ಕೊಡಕೂಡದು.

ತಕರಾರು ಬರುತ್ತೆ, ಗೊತ್ತು. 'ಪ್ರತಿ ಭಾಷೆಗೂ ಪ್ರಾಜೆಕ್ಟ್ ಅಂದ್ರೆ ಬೇರೆ ರೀ!' ಇರಲಿ, ಅದಕ್ಕೇ ಸಾಲು ಕೇಳಿದ್ದು. ಗಿಟ್ ನೋಡುವವನು ಹೊರಗಿನದು ತಗೊಳ್ಳಲಿ, ಟೆಸ್ಟ್ ಓಡಿಸುವವನು ಒಳಗಿನದು ತಗೊಳ್ಳಲಿ. ಆರಿಸುವ ಸ್ವಾತಂತ್ರ್ಯ ಇದೆ, ಮತ್ತೆ ಅಳೆಯುವ ಸ್ವಾತಂತ್ರ್ಯ ಇಲ್ಲ. 'ಇನ್ನೊಂದು ಹೊಸ ಸ್ಟ್ಯಾಂಡರ್ಡಾ?' ಹೊಸ ಗುರುತಿನ ಫೈಲು ಬೇಡ ಸ್ವಾಮಿ, ಇರುವ ಗುರುತುಗಳನ್ನೇ ಒಂದೇ ಕಡೆ ಓದಿ. 'ಇನ್ನೇನು ಎಐ ಎಲ್ಲ ಕಂಡುಹಿಡಿಯುತ್ತೆ ಬಿಡಿ.' ಫಾರ್ಮ್ಯಾಟರ್ ಬರೀ ಸಾಲು ಸರಿಸಿತು. ಈ ಏಜೆಂಟುಗಳು ಫೈಲು ಬರೀತಾವೆ, ಅಳಿಸ್ತಾವೆ. ಅವಕ್ಕೆ ಎಲ್ಲೆಯನ್ನು ಊಹೆಗೆ ಬಿಡ್ತೀರಾ?

ಸೊರಬದಿಂದ ವಾಪಸ್ ಬರುವಾಗ ತಾಳಗುಂದಕ್ಕೆ ಹೋಗಿ ಕದಂಬರ ಸ್ತಂಭಶಾಸನ ನೋಡಿದೆ. ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿ ಅದಕ್ಕೆ ಕೊಟ್ಟ ಗುರುತು ಶಿಕಾರಿಪುರ 176. ಸೊರಬದ ಶಾಸನಗಳು 1904ರ ಎಂಟನೇ ಸಂಪುಟದಲ್ಲಿ, ಅದೇ ಪದ್ಧತಿಯಲ್ಲಿ: ತಾಲ್ಲೂಕು, ನಂಬರು. ಆ ಶಾಸನದ ಕಾಲದ ಬಗ್ಗೆ, ಅರ್ಥದ ಬಗ್ಗೆ ವಿದ್ವಾಂಸರು ಕಿತ್ತಾಡಬಹುದು. ಯಾವ ಕಲ್ಲಿನ ಬಗ್ಗೆ ಮಾತಾಡ್ತಿದ್ದೀವಿ ಅನ್ನುವುದರಲ್ಲಿ ಕಿತ್ತಾಡಬೇಕಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಕಾಗದದ ಮೇಲೆ ಆದದ್ದು ನಮ್ಮ ಎಡಿಟರಿನಲ್ಲಿ ಆಗಲ್ಲ ಅಂದ್ರೆ, ಆಗಲ್ಲ ಅಂತಲ್ಲ, ನಮಗೆ ಬೇಡ ಅಂತ.

ಇದನ್ನು ಓದುವವರಲ್ಲಿ ಎಕ್ಸ್‌ಟೆನ್ಷನ್ ಬರೆಯುವವರು ಇರ್ತೀರಿ. ಈ ಶನಿವಾರ ನಿಮ್ಮ ಕೋಡ್ ತೆಗೆದು 'ರೂಟ್' ಅಂತ ಹುಡುಕಿ. ಮೇಲೆ ಮೇಲೆ ಹತ್ತಿಕೊಂಡು ಹೋಗುವ ಒಂದು ಫಂಕ್ಷನ್ ಸಿಕ್ಕೇ ಸಿಗುತ್ತೆ. ನಿಮ್ಮ ಎಡಿಟರನ್ನು ಕೇಳುವ ದಾರಿ ಇದ್ದರೆ ಅದನ್ನು ಅಳಿಸಿ, ಕೇಳಿ. ದಾರಿ ಇಲ್ಲದಿದ್ದರೆ, ಕಡೇಪಕ್ಷ ನೀವು ಹಿಡಿದ ಎಲ್ಲೆ ಯಾವುದು ಅಂತ ಕೆಳಗಿನ ಪಟ್ಟಿಯಲ್ಲಿ ಕಾಣುವ ಹಾಗೆ ಬರೆಯಿರಿ.

ತಂಗಿಗೆ ನಾನು ಹೇಳಿದ್ದು, "ನಿಂದಲ್ಲ ಕಣೇ ತಪ್ಪು." ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಫಾರ್ಮ್ಯಾಟರ್ ಮಾತ್ರ ಆವತ್ತೇ ತೆಗೆದುಹಾಕಿದಳು. ಈಗ ಪ್ರತಿ ಸಾಲಿನ ಜಾಗವನ್ನೂ ಕೈಯಲ್ಲೇ ಸರಿಮಾಡ್ತಾಳಂತೆ.