ಪಾತರಗಿತ್ತಿಯ ಕೋಶ ಕತ್ತರಿಸಬೇಡಿ, ಆದರೆ ಫಾರ್ವರ್ಡ್ ಹೇಳುವ ಕಾರಣಕ್ಕಲ್ಲ

ಈ ಕತೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಗೂಡಿನ ಸಣ್ಣ ತೂತಿನಿಂದ ಹೊರಬರಲು ಚಿಟ್ಟೆಯೊಂದು ಒದ್ದಾಡುತ್ತಿರುತ್ತದೆ. ನೋಡುತ್ತಿದ್ದವನಿಗೆ ಪಾಪ ಅನ್ನಿಸಿ ಕತ್ತರಿಯಿಂದ ತೂತನ್ನು ದೊಡ್ಡದು ಮಾಡುತ್ತಾನೆ. ಚಿಟ್ಟೆ ಸುಲಭವಾಗಿ ಹೊರಗೆ ಬರುತ್ತದೆ, ಆದರೆ ಅದಕ್ಕೆ ಹಾರಲು ಆಗುವುದೇ ಇಲ್ಲ. ಕೊನೆಗೊಂದು ನೀತಿ: ಒದ್ದಾಡಿದರೆ ಮಾತ್ರ ರೆಕ್ಕೆಗೆ ಬಲ, ಸಹಾಯ ಮಾಡಿದರೆ ಕೇಡು.

ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ, ಸಾಲದಲ್ಲಿರುವ ರೈತನಿಗೆ, ಮನೆಯವರನ್ನು ಕಳೆದುಕೊಂಡವರಿಗೆ ಈ ಕತೆಯನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತೇವೆ. ಆದ್ದರಿಂದ ಇದು ನಿಜವೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇರುವವರಿಗೆ ಒಂದು ಎಕ್ಕಿ ಗಿಡ ಸಾಕು.

ಫೋಟೋದಲ್ಲಿರುವ ಚಿಟ್ಟೆ ಯಾವುದು?

ಇಂಥ ಸಂದೇಶಗಳ ಜೊತೆ ಹೆಚ್ಚಾಗಿ ಬರುವುದು ಕಿತ್ತಳೆ ರೆಕ್ಕೆ, ಕಪ್ಪು ಗೆರೆಗಳ ಮೊನಾರ್ಕ್ ಚಿಟ್ಟೆಯ ಫೋಟೋ. ಅದು ಮುಖ್ಯವಾಗಿ ಅಮೆರಿಕ ಖಂಡದ್ದು. ಚಳಿಗಾಲ ಕಳೆಯಲು ಕೆನಡಾ ಮತ್ತು ಅಮೆರಿಕದಿಂದ ಮೆಕ್ಸಿಕೋದ ಬೆಟ್ಟಗಳವರೆಗೆ ಸಾವಿರಾರು ಕಿಲೋಮೀಟರ್ ಹಾರುವುದರಿಂದ ಅದಕ್ಕೆ ಅಷ್ಟು ಹೆಸರು. ಅಲ್ಲಿ ಅದರ ಹುಳಗಳನ್ನು ಮನೆಯಲ್ಲಿ ಸಾಕಿ ಬಿಡುವ ಹವ್ಯಾಸ ಬಹಳ ಜನರಿಗಿದೆ.

ನಮ್ಮ ಹೊಲಗಳಲ್ಲಿ ಮೊನಾರ್ಕ್ ಇಲ್ಲ, ಆದರೆ ಅದರ ಹತ್ತಿರದ ಸಂಬಂಧಿ ಇದೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಪಾತರಗಿತ್ತಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳ ಬದುವಿನಲ್ಲೂ ಕಲಘಟಗಿಯ ಕಡೆಯ ದಾರಿಗಳಲ್ಲೂ ಹಾರಾಡುತ್ತದೆ. ಮೊನಾರ್ಕ್‌ಗಿರುವ ದಪ್ಪ ಕಪ್ಪು ನರಗಳು ಇದರ ರೆಕ್ಕೆಯ ಮೇಲೆ ಇರುವುದಿಲ್ಲ. ಕಪ್ಪು ನರಗಳಿದ್ದರೆ ಅದು ಇನ್ನೊಂದು ಸಂಬಂಧಿ, ಸ್ಟ್ರೈಪ್ಡ್ ಟೈಗರ್. ಹುಳದಲ್ಲಂತೂ ಗುರುತು ಇನ್ನೂ ಸುಲಭ. ಮೊನಾರ್ಕ್ ಹುಳದ ಮೈಮೇಲೆ ಎರಡು ಜೊತೆ ಕಪ್ಪು ಕೋಡುಗಳು, ಪ್ಲೇನ್ ಟೈಗರ್ ಹುಳಕ್ಕೆ ಮೂರು ಜೊತೆ.

ಈ ಪಾತರಗಿತ್ತಿಯ ಮೊಟ್ಟೆ ಸಿಗುವುದು ಎಕ್ಕಿ ಎಲೆಯ ಮೇಲೆ. ಶನಿವಾರ ಹನುಮಪ್ಪನಿಗೆ ಮಾಲೆ ಕಟ್ಟುವ ಅದೇ ಎಕ್ಕಿ. ಬೇಸಿಗೆಯಲ್ಲಿ ಬಯಲೆಲ್ಲ ಒಣಗಿದರೂ ಹಸಿರಾಗಿ ನಿಲ್ಲುವ ಗಿಡ. ಅದರ ಹಾಲಿನಲ್ಲಿ ಹೃದಯದ ಮೇಲೆ ಪರಿಣಾಮ ಮಾಡುವ ವಿಷವಿದೆ. ಹುಳಕ್ಕೆ ಅದರಿಂದ ಕೇಡಿಲ್ಲ. ಎಲೆ ತಿನ್ನುತ್ತಾ ಆ ವಿಷವನ್ನು ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ಹೀಗಾಗಿ ಒಮ್ಮೆ ಇದರ ರುಚಿ ಕಂಡ ಹಕ್ಕಿ ಮತ್ತೆ ಇದರ ತಂಟೆಗೆ ಬರುವುದು ಕಡಿಮೆ.

ಮನೆಯಲ್ಲಿ ನೋಡುವುದು ಹೇಗೆ?

ಎಲ್ಲಕ್ಕಿಂತ ಒಳ್ಳೆಯ ದಾರಿ ಹುಳವನ್ನು ಗಿಡದ ಮೇಲೆಯೇ ಬಿಟ್ಟು ದಿನಾ ಹೋಗಿ ನೋಡುವುದು. ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕೆಂದಿದ್ದರೆ ಒಂದೆರಡು ಹುಳಗಳನ್ನು ಮಾತ್ರ ತನ್ನಿ. ಒಂದು ರಟ್ಟಿನ ಡಬ್ಬಿ, ಮೇಲೆ ಹಳೆಯ ಸೊಳ್ಳೆಪರದೆಯ ತುಂಡು, ಒಳಗೆ ಆಸರೆಗೆ ಒಂದು ಕಡ್ಡಿ, ದಿನಾ ಹೊಸ ಎಲೆ. ಹಿಕ್ಕೆಯನ್ನು ದಿನವೂ ತೆಗೆಯಬೇಕು, ಇಲ್ಲದಿದ್ದರೆ ರೋಗ ಬರುತ್ತದೆ. ಡಬ್ಬಿಯನ್ನು ಬಿಸಿಲಿಗೆ ಇಡಬಾರದು.

ಎಲೆ ಕೀಳುವಾಗ ಎರಡು ಎಚ್ಚರಿಕೆ. ಎಕ್ಕಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಗೆ ಹಾನಿಯಾಗುತ್ತದೆ. ಆದ್ದರಿಂದ ಎಲೆ ಕೀಳುವುದು ದೊಡ್ಡವರ ಕೆಲಸ, ಕಿತ್ತ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಹಾಲು ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಸ್ವಚ್ಛ ನೀರಿನಿಂದ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ, ಮನೆಮದ್ದು ಬೇಡ. ಎರಡನೆಯದು, ಔಷಧ ಹೊಡೆದ ಹತ್ತಿ ಅಥವಾ ಕಡಲೆ ಹೊಲದ ಪಕ್ಕದ ಎಲೆ ಬೇಡ. ಅದನ್ನು ತಿಂದರೆ ಹುಳ ಸಾಯಬಹುದು.

ಮೊಟ್ಟೆಯಿಂದ ಪಾತರಗಿತ್ತಿಯಾಗಲು ಬೆಚ್ಚಗಿನ ದಿನಗಳಲ್ಲಿ ಸುಮಾರು ಮೂರರಿಂದ ನಾಲ್ಕು ವಾರ. ಹುಳ ದಪ್ಪಗಾದ ಮೇಲೆ ತಿನ್ನುವುದನ್ನು ಬಿಟ್ಟು ತಲೆಕೆಳಗಾಗಿ ನೇತಾಡುತ್ತದೆ, ಚರ್ಮ ಕಳಚಿ ಕೋಶವಾಗುತ್ತದೆ. ತಿಳಿ ಹಸಿರು ಬಣ್ಣ, ಮೇಲೆ ಚಿನ್ನದಂತೆ ಹೊಳೆಯುವ ಚುಕ್ಕಿಗಳು. ಹೊರಬರುವ ಹೊತ್ತಿಗೆ ಕೋಶ ಕಪ್ಪಾಗಿ, ಒಳಗಿನ ಕಿತ್ತಳೆ ರೆಕ್ಕೆ ಕಾಣಿಸುತ್ತದೆ. ಕೆಲವೊಮ್ಮೆ ಕೋಶದಿಂದ ಪಾತರಗಿತ್ತಿಯ ಬದಲು ನೊಣದ ಮರಿಗಳು ಬರುತ್ತವೆ. ಅದು ನಿಮ್ಮ ತಪ್ಪಲ್ಲ. ಹುಳದ ಮೈಯನ್ನೇ ತಿಂದು ಬೆಳೆಯುವ ನೊಣಗಳೂ ಇವೆ.

ಹಾಗಾದರೆ ಕತ್ತರಿಯ ಕತೆ?

ಆ ಬೆಳಿಗ್ಗೆ ಪಕ್ಕದಲ್ಲಿ ಕುಳಿತರೆ ಉತ್ತರ ಕಾಣುತ್ತದೆ. ಇದು ರೇಷ್ಮೆ ಗೂಡಿನಂಥ ನೂಲಿನ ಗೂಡಲ್ಲ, ತೆಳುವಾದ ಚಿಪ್ಪು. ಸಣ್ಣ ತೂತು ಇಲ್ಲ, ಗಂಟೆಗಟ್ಟಲೆ ಒದ್ದಾಟವೂ ಇಲ್ಲ. ಚಿಪ್ಪು ಬಿರಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಪಾತರಗಿತ್ತಿ ಹೊರಗೆ ಬರುತ್ತದೆ. ಆಗ ಅದರ ರೆಕ್ಕೆ ಮುದುಡಿದ ಒದ್ದೆ ಬಟ್ಟೆಯಂತಿರುತ್ತದೆ.

ಮುಖ್ಯವಾದದ್ದು ನಡೆಯುವುದು ಆಮೇಲೆ. ಅದು ಖಾಲಿ ಚಿಪ್ಪನ್ನೋ ಕಡ್ಡಿಯನ್ನೋ ಹಿಡಿದು ನೇತಾಡುತ್ತಾ ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತದೆ. ರೆಕ್ಕೆ ಅರಳುತ್ತದೆ, ಮುಂದಿನ ಒಂದೆರಡು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಈ ಹೊತ್ತಿನಲ್ಲಿ ಕೆಳಗೆ ಬಿದ್ದರೆ, ಹಿಡಿಯಲು ಆಸರೆ ಸಿಗದಿದ್ದರೆ, ರೆಕ್ಕೆ ಮುದುಡಿದಂತೆಯೇ ಒಣಗಿಬಿಡುತ್ತದೆ. ಆಮೇಲೆ ಹಾರಲಾಗದು. ಕೆಳಗೆ ಬೀಳುವ ಕಂದುಗೆಂಪು ಹನಿ ನೋಡಿ ಗಾಬರಿಯಾಗಬೇಡಿ, ಅದು ರಕ್ತವಲ್ಲ, ಕೋಶದಲ್ಲಿ ಉಳಿದಿದ್ದ ಕಸ.

ಹಾಗಾಗಿ ಕತೆಯ ಅರ್ಧ ಭಾಗ ಸರಿ: ಕತ್ತರಿ ಹಾಕಬಾರದು. ಹೊತ್ತಿಗೆ ಮುಂಚೆ ಚಿಪ್ಪು ತೆರೆದರೆ ಒಳಗಿನ ಜೀವಕ್ಕೆ ಪೆಟ್ಟಾಗುತ್ತದೆ. ಆದರೆ ಒದ್ದಾಟವೇ ರೆಕ್ಕೆಗೆ ಬಲ ಕೊಡುತ್ತದೆ ಎಂಬುದು ತಪ್ಪು. ರೆಕ್ಕೆ ಅರಳಲು ಬೇಕಾದದ್ದು ಹಿಡಿದುಕೊಳ್ಳಲು ಒಂದು ಆಸರೆ, ತೊಂದರೆ ಕೊಡದ ಒಂದಷ್ಟು ಹೊತ್ತು.

ಇನ್ನು ಕೆಲವು ನಂಬಿಕೆಗಳು

ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆಯೇ? ಇಲ್ಲ. ಆ ಪುಡಿ ಸಣ್ಣ ಪೊರೆಗಳು. ಕಣ್ಣು ಉರಿಯಬಹುದು, ನೀರಿನಿಂದ ತೊಳೆದರೆ ಸಾಕು. ಮುಟ್ಟಿದರೆ ಪಾತರಗಿತ್ತಿ ಸಾಯುತ್ತದೆಯೇ? ಸ್ವಲ್ಪ ಪುಡಿ ಹೋದರೆ ಸಾಯುವುದಿಲ್ಲ, ಆದರೆ ರೆಕ್ಕೆ ಹರಿಯಬಹುದು, ಹಾಗಾಗಿ ಹಿಡಿಯದಿರುವುದೇ ಮೇಲು. ಒಂದೇ ದಿನ ಬದುಕುತ್ತದೆಯೇ? ಇಲ್ಲ, ಬಹಳಷ್ಟು ಚಿಟ್ಟೆಗಳು ಕೆಲವು ವಾರ ಬದುಕುತ್ತವೆ. ವಲಸೆ ಹೋಗುವ ಮೊನಾರ್ಕ್ ಎಂಟು ತಿಂಗಳವರೆಗೂ ಬದುಕಬಲ್ಲದು. ಎಲ್ಲ ಹುಳಗಳೂ ತುರಿಕೆ ತರುತ್ತವೆಯೇ? ತುರಿಕೆ ತರುವುದು ಕೂದಲಿರುವ ಕೆಲವು ಕಂಬಳಿಹುಳಗಳು. ಎಕ್ಕಿಯ ಈ ಹುಳಕ್ಕೆ ಕೂದಲೇ ಇಲ್ಲ.

ಮನಸ್ಸಿಗೆ ನಿಜಕ್ಕೂ ಹಿತವೇ?

ಹಸಿರು ನೋಡಿದರೆ ಸಮಾಧಾನವಾಗುತ್ತದೆ ಎಂಬುದು ಬರೀ ಮಾತಲ್ಲ. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರೋಜರ್ ಉಲ್ರಿಚ್ ಅವರ ಒಂದು ಅಧ್ಯಯನ ಪ್ರಕಟವಾಯಿತು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧವೂ ಅವರಿಗೆ ಕಡಿಮೆ ಬೇಕಾಯಿತು. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿದ 2019ರ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯ ನಡುವೆ ಇದ್ದವರಲ್ಲಿ ತಾವು ಆರೋಗ್ಯವಾಗಿ, ನೆಮ್ಮದಿಯಾಗಿ ಇದ್ದೇವೆ ಎಂದವರು ಹೆಚ್ಚು.

ಆದರೆ ಇದನ್ನು ಹಿಗ್ಗಿಸಬಾರದು. ಮೊದಲನೆಯದು ಸಣ್ಣ ಅಧ್ಯಯನ. ಎರಡನೆಯದರಲ್ಲಿ ಹಸಿರಿನಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ಹೆಚ್ಚು ಹೊರಗೆ ಹೋದರೋ ಎಂದು ಬೇರ್ಪಡಿಸುವುದು ಕಷ್ಟ. ಪಾತರಗಿತ್ತಿ ಸಾಕಿದರೆ ಖಿನ್ನತೆ ವಾಸಿಯಾಗುತ್ತದೆ ಎಂಬ ಸಂದೇಶ ಬಂದರೆ ನಂಬಬೇಡಿ. ದಿನಾ ಹತ್ತು ನಿಮಿಷ ಒಂದು ಜೀವ ಬೆಳೆಯುವುದನ್ನು ನೋಡುವುದು ಹಿತ. ಅದು ಚಿಕಿತ್ಸೆಯ ಜೊತೆಗೆ ಇರಲಿ, ಚಿಕಿತ್ಸೆಯ ಬದಲಿಗೆ ಅಲ್ಲ. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯಕ್ಕೆಂದೇ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ.

ಇದರಿಂದ ಪಾತರಗಿತ್ತಿಗೆ ಲಾಭವೇ?

ಇಲ್ಲೂ ಎಚ್ಚರ ಬೇಕು. ವಲಸೆ ಹೋಗುವ ಮೊನಾರ್ಕ್‌ಗಳ ಸಂಖ್ಯೆ ಕುಸಿದಾಗ ಅಮೆರಿಕದಲ್ಲಿ ಜನ ಅವನ್ನು ಮನೆಯಲ್ಲಿ ನೂರಾರು ಸಂಖ್ಯೆಯಲ್ಲಿ ಸಾಕತೊಡಗಿದರು. ಹಾಗೆ ಒತ್ತೊತ್ತಾಗಿ ಸಾಕಿದರೆ ರೋಗ ಹರಡುತ್ತದೆ ಎಂದು ತಜ್ಞರು ಎಚ್ಚರಿಸಿದ್ದಾರೆ. ಮನೆಯೊಳಗೆ ಬೆಳೆದ ಮೊನಾರ್ಕ್‌ಗಳು ದಕ್ಷಿಣ ದಿಕ್ಕು ಹಿಡಿಯಲು ತಪ್ಪುತ್ತವೆ ಎಂದು 2019ರ ಅಧ್ಯಯನವೊಂದು ತೋರಿಸಿತು. ಬಯಲಿಗೆ ಬಿಟ್ಟ ಮೇಲೆ ದಿಕ್ಕು ಹಿಡಿಯಬಲ್ಲವು ಎಂದು ಆಮೇಲಿನ ಇನ್ನೊಂದು ಅಧ್ಯಯನ ಹೇಳಿತು. ಚರ್ಚೆ ಮುಗಿದಿಲ್ಲ. ಆದರೆ ಡಬ್ಬಿಗಿಂತ ಗಿಡ ಮುಖ್ಯ ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮ ಪ್ಲೇನ್ ಟೈಗರ್ ಅಪರೂಪದ್ದಲ್ಲ, ಅದನ್ನು ಯಾರೂ ಸಾಕಿ ಉಳಿಸಬೇಕಿಲ್ಲ. ಬದುವಿಗೆ ಕಳೆನಾಶಕ ಹೊಡೆಯುವಾಗ ಒಂದೆರಡು ಎಕ್ಕಿ ಗಿಡ ಬಿಟ್ಟರೆ ಸಾಕು. ಹಿತ್ತಲಿನ ಕರಿಬೇವು, ಲಿಂಬಿ ಗಿಡದಲ್ಲಿ ಹಸಿರು ಹುಳ ಕಂಡರೆ ಹೊಸಕುವ ಮುಂಚೆ ಒಮ್ಮೆ ನೋಡಿ, ಅದೂ ಒಂದು ಚಿಟ್ಟೆಯ ಮರಿ. ನಾಲ್ಕೆಲೆ ಅದಕ್ಕೂ ಇರಲಿ.

ಕತ್ತರಿಯ ಕತೆಯನ್ನು ಫಾರ್ವರ್ಡ್ ಮಾಡಬೇಕೆನಿಸಿದರೆ ಒಂದು ತಿದ್ದುಪಡಿ ಸೇರಿಸಿ ಕಳಿಸಿ: ಪಾತರಗಿತ್ತಿ ಹಾರಿದ್ದು ಒದ್ದಾಡಿದ್ದಕ್ಕಲ್ಲ, ಹಿಡಿದುಕೊಳ್ಳಲು ಕಡ್ಡಿ ಇದ್ದದ್ದಕ್ಕೆ. ಕಷ್ಟದಲ್ಲಿರುವ ಗೆಳೆಯನಿಗೆ ಆ ಸಂದೇಶ ಕಳಿಸಿ ಸುಮ್ಮನಾಗದೆ, ಒಮ್ಮೆ ಫೋನೂ ಮಾಡಿ.