ಹನ್ನೆರಡು ತಿಂಗಳ ಮಹಾಪೌರರು

ನಮ್ಮ ನಾಡಿನ ಒಂದು ಮಹಾನಗರಪಾಲಿಕೆಯ ಮೇಯರರ ಕೊಠಡಿಯಲ್ಲಿ ಕಾರ್ಯನಿಮಿತ್ತ ಅರ್ಧ ಗಂಟೆ ಕಾದು ಕುಳಿತಿರಬೇಕಾಗಿ ಬಂದಾಗ, ಎದುರು ಗೋಡೆಗೆ ತೂಗುಹಾಕಿದ್ದ ತೇಗದ ಹಲಗೆಯ ಮೇಲೆ ಹಿಂದಿನವರ ಹೆಸರುಗಳನ್ನು ಓದುತ್ತ ಹೋದೆ. ಹೆಸರಿನ ಮುಂದೆ ಅವಧಿ. ಅವಧಿಯೆಂದರೆ ಒಂದೊಂದೇ ವರ್ಷ. ಹಲಗೆ ತುಂಬಿ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಿದ್ದರು. ಅದೂ ಮುಕ್ಕಾಲು ತುಂಬಿತ್ತು. 1976ರ ಪೌರನಿಗಮಗಳ ಅಧಿನಿಯಮವು ಮೇಯರರಿಗೆ ಗೊತ್ತುಮಾಡಿದ ಕಾಲ ಹನ್ನೆರಡು ತಿಂಗಳು. ಅದರಲ್ಲಿ ಅಭಿನಂದನೆಯ ಹಾರಗಳು ಬಾಡುವುದಕ್ಕೆ ಒಂದು ತಿಂಗಳು, ಕಡತಗಳ ಪರಿಚಯಕ್ಕೆ ಮೂರು, ಮುಂದಿನವರಾರೆಂಬ ಗುಸುಗುಸುವಿಗೆ ಕಡೆಯ ಎರಡು ಕಳೆದರೆ ಉಳಿಯುವುದೆಷ್ಟೆಂಬುದನ್ನು ಯಾರೂ ಲೆಕ್ಕಹಾಕಬಹುದು. ಕಾರ್ಯನಿರ್ವಹಣೆಯ ಅಧಿಕಾರವೋ, ಸರಕಾರ ಕಳುಹಿಸುವ ಆಯುಕ್ತರದು. ಮೇಯರರಿಗೆ ನಿಲುವಂಗಿಯುಂಟು, ಕಾರುಂಟು, ಸಭೆಗಳಲ್ಲಿ ಮೊದಲ ಸಾಲಿನ ಕುರ್ಚಿಯುಂಟು.

ಆ ಹಲಗೆ ನೆನಪಾದಾಗಲೆಲ್ಲ ಮನಸ್ಸು ಉಡುಪಿಯ ಕಡೆಗೆ ತಿರುಗುತ್ತದೆ. ಮಣಿಪಾಲದಲ್ಲಿ ವೈದ್ಯಶಾಸ್ತ್ರವನ್ನು ಓದಿ ಬಂದಿದ್ದ, ಇನ್ನೂ ಮೂವತ್ತು ತುಂಬದ ಡಾ. ವಿ. ಎಸ್. ಆಚಾರ್ಯರು 1968ರಲ್ಲಿ ಜನಸಂಘದ ಪಕ್ಷದಿಂದ ಆ ಊರಿನ ಪುರಸಭೆಗೆ ಅಧ್ಯಕ್ಷರಾದರು. ಅಂದಿನ ಊರುಗಳಲ್ಲಿ ಮನೆಯ ಹಿತ್ತಲಿಗೆ ಹೊಂದಿಕೊಂಡ ಒಣ ಕಕ್ಕಸುಗಳಿದ್ದವು. ಸಮಾಜವು ಅಸ್ಪೃಶ್ಯರೆಂದು ಹೊರಗಿಟ್ಟ ಜನರು ಬೆಳಗಿನ ಜಾವದಲ್ಲಿ ಹಿಂದಿನ ಓಣಿಯಿಂದ ಬಂದು, ತಗಡಿನಿಂದ ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಕರಾವಳಿಯ ಮಳೆಗಾಲದಲ್ಲಿ, ಬುಟ್ಟಿಗೆ ನೀರು ಸೇರಿ ಹಣೆಯ ಮೇಲೆ ಇಳಿಯುವಾಗ, ಆ ಕೆಲಸ ಏನಾಗಿದ್ದಿತೆಂಬುದನ್ನು ವಿವರಿಸಲು ನನ್ನ ಲೇಖನಿ ಹಿಂಜರಿಯುತ್ತದೆ. ಆಚಾರ್ಯರ ಪುರಸಭೆಯು ಈ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿಯೇ ಮೊದಲು ನಿಲ್ಲಿಸಿದ್ದು ತಮ್ಮೂರೆಂದು ಉಡುಪಿಯವರು ಹೇಳಿಕೊಳ್ಳುವುದುಂಟು; ಮೊದಲನೆಯದೋ ಎರಡನೆಯದೋ ಎಂಬ ಪಂಥ ನನಗೆ ಮುಖ್ಯವಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಸವಲಿಂಗಪ್ಪನವರು ಈ ನಿಷೇಧವನ್ನು ನಾಡಿಗೆಲ್ಲ ಅನ್ವಯಿಸಿದ್ದು ಅದರ ತರುವಾಯ; ಪಾರ್ಲಿಮೆಂಟು ಕಾಯಿದೆ ಮಾಡಿದ್ದಂತೂ 1993ರಲ್ಲಿ.

ಇಂಥ ಕಾರ್ಯವು ಒಂದು ಠರಾವಿನಿಂದ ಆಗುವಂಥದಲ್ಲ. ಮನೆಮನೆಯ ಕಕ್ಕಸನ್ನು ಒಡೆಸಿ ಗುಂಡಿ ತೋಡಿಸಬೇಕು, ಹಣ ಹೊಂದಿಸಬೇಕು, ನೋಟೀಸು ಕಳುಹಿಸಬೇಕು. ನೋಟೀಸು ಹೋಗುವುದಾದರೂ ಯಾರಿಗೆ? ನಾಳೆ ಮತ ಕೊಡಬೇಕಾದ ಮನೆಯೊಡೆಯನಿಗೇ. ಅವನ ಕೋಪ ಇಳಿದು, ಪ್ರಯೋಜನ ಕಣ್ಣಿಗೆ ಬೀಳುವವರೆಗೆ ಕುರ್ಚಿಯಲ್ಲಿ ಇರುವೆನೆಂಬ ಭರವಸೆ ಇದ್ದವನಿಗೆ ಮಾತ್ರ ಅಂಥ ಕೆಲಸಕ್ಕೆ ಕೈಹಾಕುವ ಧೈರ್ಯ ಬಂದೀತು. ಬಜೆಯಲ್ಲಿ ಸ್ವರ್ಣಾ ನದಿಯ ನೀರನ್ನು ತಡೆದು ಕೊಳವೆಯಲ್ಲಿ ಊರಿಗೆ ತಂದ ಯೋಜನೆಯೂ ಅಷ್ಟೆ. ಆಚಾರ್ಯರು ಆಮೇಲೆ ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನು ಅನುಭವಿಸಿ, 1983ರಲ್ಲಿ ಶಾಸಕರಾಗಿ, 2008ರಲ್ಲಿ ಗೃಹಮಂತ್ರಿಯಾಗಿ, ಮಂತ್ರಿಪದವಿಯಲ್ಲಿರುವಾಗಲೇ 2012ರಲ್ಲಿ ತೀರಿಕೊಂಡರು. ಗೃಹಖಾತೆಯ ದಿನಗಳಲ್ಲಿ ಅವರ ಮೇಲೆ ಬಂದ ಟೀಕೆಗಳು ಅಲ್ಪವಲ್ಲ, ಎಲ್ಲವೂ ನಿರಾಧಾರವೆಂದೂ ನಾನು ಹೇಳಲಾರೆ. ಆದರೆ ಆ ದೊಡ್ಡ ಪದವಿಗಿಂತ ಪುರಸಭೆಯ ಆ ಸಣ್ಣ ಪದವಿಯಲ್ಲಿಯೇ ಅವರು ದೊಡ್ಡವರಾಗಿ ಕಾಣುತ್ತಾರೆಂಬುದು ನನ್ನ ಎಣಿಕೆ.

ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಪುರಸಭೆಯ ಅಧ್ಯಕ್ಷರಾದುದು 1924ರಲ್ಲಿ. ಗುಜರಾತನ್ನು ಮುಳುಗಿಸಿದ ಮಹಾಮಳೆ ಸುರಿದುದು 1927ರ ಜುಲೈಯಲ್ಲಿ. ಆ ವೇಳೆಗೆ ಊರಿನ ಚರಂಡಿ ಎಲ್ಲಿ ಕಟ್ಟುತ್ತದೆ, ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ ಎಂಬುದು ಅವರಿಗೆ ಅಂಗೈಯ ರೇಖೆಯಾಗಿತ್ತು. ನಮ್ಮ ಈಗಿನ ಏರ್ಪಾಡಿನಲ್ಲಾದರೆ ಅಷ್ಟರಲ್ಲಿ ಅವರ ಹೆಸರು ಹಲಗೆಯ ಮೇಲೆ ಮೂರು ಸಾಲು ಮೇಲೆ ಹೋಗಿರುತ್ತಿತ್ತು.

ವರ್ಷಕ್ಕೊಬ್ಬರೆಂಬ ನಿಯಮದಿಂದ ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ ಸರದಿ ಬೇಗ ಬರುವುದೆಂಬ ವಾದವುಂಟು, ತಳ್ಳಿಹಾಕತಕ್ಕ ವಾದವಲ್ಲ. ಆದರೆ ಸರದಿ ಬಂದವರ ಕೈಗೆ ಏನನ್ನು ಕೊಡುತ್ತಿದ್ದೇವೆ? ಆಯವ್ಯಯದ ಸಭೆಗೆ ಒಮ್ಮೆ ಅಧ್ಯಕ್ಷತೆ ವಹಿಸಿ, ಅದು ಖರ್ಚಾಗುವುದನ್ನು ಕಾಣದೆ ಎದ್ದುಹೋಗುವ ಕುರ್ಚಿಯನ್ನು. ಮೀಸಲಾತಿಯ ಸರದಿ ಚುನಾವಣೆಯಿಂದ ಚುನಾವಣೆಗೆ ತಿರುಗಲಿ, ಆರಿಸಿ ಬಂದವರು ಐದು ವರ್ಷವೂ ಇರಲಿ ಎಂದರೆ ಯಾವ ನ್ಯಾಯಕ್ಕೂ ಲೋಪವಿಲ್ಲ. ದಲಿತ ಮಹಿಳೆಯೊಬ್ಬಳಿಗೆ ಐದು ವರ್ಷದ ಅಧಿಕಾರ ದೊರೆತರೆ ಆಯುಕ್ತರೂ ಗುತ್ತಿಗೆದಾರರೂ ಆಕೆಯ ಮಾತನ್ನು ಬೇರೆ ಬಗೆಯಲ್ಲಿ ಕೇಳಿಯಾರು.

ಅಂದು ಅರ್ಧ ಗಂಟೆಯ ಮೇಲೆ ಮೇಯರರು ಬಂದರು, ಸಜ್ಜನರು, ಉತ್ಸಾಹಿಗಳು. ನಮ್ಮ ಬಡಾವಣೆಯ ತುಕ್ಕು ಹಿಡಿದ ಕೊಳವೆಯ ಅಹವಾಲನ್ನು ಗಮನವಿಟ್ಟು ಕೇಳಿ, ಅರ್ಜಿಯ ಮೇಲೆ ಹಸಿರು ಶಾಯಿಯಲ್ಲಿ ಷರಾ ಬರೆದು, ಟೆಂಡರು ಕರೆಯುವ ಹೊತ್ತಿಗೆ ತಾವು ಇಲ್ಲಿರುವುದಿಲ್ಲವೆಂದು ನಗುತ್ತ ಹೇಳಿ, ಕಾಫಿ ತರಿಸಿದರು.